ಚಲಿಸುವ ಭಾಗವಿಲ್ಲದ ಪಂಪು

ಮೈಕ್ರೋಫ್ಲುಯಿಡಿಕ್ ಚಿಪ್ ಎಂಬುದು ಗಾಜಿನ, ಸಿಲಿಕಾನಿನ ಅಥವಾ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ. ಅದರೊಳಗೆ ಹತ್ತರಿಂದ ಕೆಲವು ನೂರು ಮೈಕ್ರೋಮೀಟರ್ ಅಗಲದ ಕಾಲುವೆಗಳಿರುತ್ತವೆ. ಒಂದು ಹನಿ ರಕ್ತದ ಘಟಕಗಳನ್ನು ಬೇರ್ಪಡಿಸುವುದು, ಡಿಎನ್‌ಎ ತುಣುಕುಗಳನ್ನು ಉದ್ದದ ಪ್ರಕಾರ ವಿಂಗಡಿಸುವುದು, ಔಷಧವನ್ನು ಅಳೆದು ಅಳೆದು ಬಿಡುವುದು ಮುಂತಾದ ಕೆಲಸಗಳು ಈ ಕಾಲುವೆಗಳಲ್ಲಿ ನಡೆಯುತ್ತವೆ. ಚಿಪ್ಪೇನೋ ಅಂಗೈಯಲ್ಲಿ ಹಿಡಿಸುತ್ತದೆ, ಆದರೆ ಅದರಲ್ಲಿ ದ್ರವ ಹರಿಸುವ ಸಲಕರಣೆ ಬಹಳ ಸಲ ಮೇಜಿನ ಅರ್ಧ ಭಾಗವನ್ನು ಆಕ್ರಮಿಸಿರುತ್ತದೆ. ಪ್ರಯೋಗಾಲಯಗಳಲ್ಲಿ ಎಲ್ಲೆಲ್ಲೂ ಕಾಣುವ ಸಿರಿಂಜ್ ಪಂಪು ಕೂಡ ಮೋಟರು, ತಿರುಪು, ಲೋಹದ ಚೌಕಟ್ಟು ಎಲ್ಲ ಸೇರಿ ಚಿಪ್ಪಿಗಿಂತ ನೂರಾರು ಪಟ್ಟು ಭಾರ. ಅದರ ಮೋಟರು ಹೆಜ್ಜೆ ಹೆಜ್ಜೆಯಾಗಿ ತಿರುಗುವುದರಿಂದ, ಹರಿವು ತೀರ ಕಡಿಮೆಯಾದಾಗ ಆ ಹೆಜ್ಜೆಗಳು ದ್ರವದಲ್ಲಿ ಮಿಡಿತವಾಗಿ ಕಾಣಿಸಿಕೊಳ್ಳುತ್ತವೆ.

ಪಂಪು ಏಕೆ ಇಷ್ಟು ಕಷ್ಟದ ವಸ್ತು ಎಂಬುದು ಕಾಲುವೆಯ ಲೆಕ್ಕದಲ್ಲೇ ಇದೆ. 1840ರ ಆಸುಪಾಸಿನಲ್ಲಿ ಜರ್ಮನಿಯ ಹೇಗನ್ ಮತ್ತು ಫ್ರಾನ್ಸಿನ ಪ್ವಾಸೆಯ್ ಬೇರೆ ಬೇರೆಯಾಗಿ ಕಂಡುಕೊಂಡ ನಿಯಮದ ಪ್ರಕಾರ, ಕೊಳವೆಯ ವ್ಯಾಸ ಅರ್ಧಕ್ಕಿಳಿದರೆ ಅದೇ ಹರಿವಿಗೆ ಬೇಕಾದ ಒತ್ತಡ ಹದಿನಾರು ಪಟ್ಟು ಏರುತ್ತದೆ. 100 ಮೈಕ್ರೋಮೀಟರ್ ವ್ಯಾಸದ, ಒಂದು ಸೆಂಟಿಮೀಟರ್ ಉದ್ದದ ಕಾಲುವೆಯಲ್ಲಿ ನಿಮಿಷಕ್ಕೆ ಒಂದು ಮೈಕ್ರೋಲೀಟರ್ ನೀರು ಹರಿಸಲು ಸುಮಾರು 70 ಪ್ಯಾಸ್ಕಲ್ ಸಾಕು. ಅದು ಏಳು ಮಿಲಿಮೀಟರ್ ಎತ್ತರದ ನೀರಿನ ಒತ್ತಡ. ವ್ಯಾಸವನ್ನು 10 ಮೈಕ್ರೋಮೀಟರಿಗೆ ಇಳಿಸಿದರೆ ಅದೇ ಹರಿವಿಗೆ ಹತ್ತು ಸಾವಿರ ಪಟ್ಟು, ಎಂದರೆ ವಾಯುಮಂಡಲದ ಒತ್ತಡದ ಆರೇಳು ಪಟ್ಟು ಬೇಕಾಗುತ್ತದೆ.

ದೊಡ್ಡ ಪಂಪನ್ನೇ ಕುಗ್ಗಿಸಿ ಚಿಪ್ಪಿನೊಳಗೆ ಇಡುವ ಪ್ರಯತ್ನ ಮೊದಲು ನಡೆಯಿತು. 1988ರಲ್ಲಿ ನೆದರ್‌ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ವಾನ್ ಲಿಂಟೆಲ್ ಮತ್ತು ಸಂಗಡಿಗರು ಸಿಲಿಕಾನ್ ಕೆತ್ತಿ ಮಾಡಿದ ಪಂಪಿನ ವಿವರ ಪ್ರಕಟಿಸಿದರು. ತೆಳು ಪೊರೆಯೊಂದಕ್ಕೆ ಅಂಟಿಸಿದ ಪೀಜೋ ಬಿಲ್ಲೆಗೆ ವೋಲ್ಟೇಜ್ ಕೊಟ್ಟರೆ ಪೊರೆ ಬಾಗುತ್ತದೆ, ಕೋಣೆಯೊಳಗಿನ ದ್ರವವನ್ನು ಅದುಮುತ್ತದೆ. ಎರಡು ಸಣ್ಣ ಕವಾಟಗಳು ದ್ರವ ಒಂದೇ ದಿಕ್ಕಿಗೆ ಹೋಗುವಂತೆ ನೋಡಿಕೊಳ್ಳುತ್ತವೆ. ಕವಾಟದಲ್ಲಿ ಧೂಳಿನ ಕಣ ಸಿಕ್ಕಿಕೊಳ್ಳುವ ಕಾಟ ತಪ್ಪಿಸಲು 1993ರಲ್ಲಿ ಸ್ವೀಡನ್ನಿನ ಎರಿಕ್ ಸ್ಟೆಮ್ಮೆ ಮತ್ತು ಗೋರಾನ್ ಸ್ಟೆಮ್ಮೆ ಕವಾಟವನ್ನೇ ತೆಗೆದುಹಾಕಿ, ಒಂದು ಕಡೆಗೆ ಅಗಲವಾಗುತ್ತ ಹೋಗುವ ದ್ವಾರಗಳನ್ನು ಇಟ್ಟರು. ಇಂಥ ಪಂಪುಗಳು ಇಂದಿಗೂ ಬಳಕೆಯಲ್ಲಿವೆ, ಚೆನ್ನಾಗಿಯೂ ಓಡುತ್ತವೆ. ಅವುಗಳ ದೌರ್ಬಲ್ಯ ಗಾಳಿ. ಪೊರೆ ಬಾಗಿದಾಗ ಕೋಣೆಯ ಗಾತ್ರ ನೂರಕ್ಕೆ ಒಂದರಷ್ಟು ಮಾತ್ರ ಬದಲಾಗುತ್ತದೆ ಎಂದುಕೊಳ್ಳೋಣ. ಕೋಣೆ ತುಂಬ ನೀರಿದ್ದರೆ ಅಷ್ಟು ಸಾಕು, ನೀರು ಕುಗ್ಗುವುದಿಲ್ಲ. ಗಾಳಿ ತುಂಬಿಕೊಂಡರೆ ಅದೇ ಬಾಗುವಿಕೆ ವಾಯುಮಂಡಲದ ಒತ್ತಡದ ನೂರನೇ ಒಂದು ಭಾಗವನ್ನು, ಎಂದರೆ ಹತ್ತು ಸೆಂಟಿಮೀಟರ್ ನೀರಿನ ಒತ್ತಡವನ್ನಷ್ಟೇ ಹುಟ್ಟಿಸೀತು. ಗಾಳಿಗುಳ್ಳೆಯನ್ನು ಸಣ್ಣ ದ್ವಾರದಿಂದ ಹೊರದಬ್ಬಲು ಅದು ಸಾಲದು. ಪೊರೆ ಬಡಿದುಕೊಳ್ಳುತ್ತಲೇ ಇರುತ್ತದೆ, ದ್ರವ ಮಾತ್ರ ಕದಲುವುದಿಲ್ಲ. ಹಾಗಾಗಿ ಪೀಜೋ ಪಂಪಿನ ವಿನ್ಯಾಸಕರು ಕೋಣೆಯಲ್ಲಿ ಸುಮ್ಮನೆ ಉಳಿಯುವ ಜಾಗವನ್ನು ಆದಷ್ಟು ಕಡಿಮೆ ಮಾಡಲು ಹೆಣಗುತ್ತಾರೆ.

ಪೊರೆಯನ್ನೂ ಕವಾಟವನ್ನೂ ಬಿಟ್ಟು ವಿದ್ಯುತ್ತಿನಿಂದಲೇ ನೇರವಾಗಿ ದ್ರವವನ್ನು ನಡೆಸುವ ದಾರಿ ಇನ್ನೊಂದಿದೆ. ಅದರ ಹೆಸರು ಎಲೆಕ್ಟ್ರೋಆಸ್ಮೋಸಿಸ್, ವಿದ್ಯುತ್ ಅಭಿಸರಣೆ. ಈ ಅಧ್ಯಾಯದ ಬಹುಭಾಗ ಅದಕ್ಕೇ ಮೀಸಲು. ಸವೆಯುವ ಭಾಗವಿಲ್ಲದ ಪಂಪು ಕೆಡಬಾರದು ಎಂದು ಅನ್ನಿಸುವುದು ಸಹಜ. ಅದೂ ಕೆಡುತ್ತದೆ, ಆದರೆ ಅದು ಕೆಡುವುದು ರಸಾಯನದಿಂದ.

ಗೋಡೆಯಿಂದ ಹುಟ್ಟುವ ಹರಿವು

ಮಾಸ್ಕೋದಲ್ಲಿ ಪ್ರಾಧ್ಯಾಪಕನಾಗಿದ್ದ ಫರ್ಡಿನಂಡ್ ಫ್ರೆಡರಿಕ್ ರಾಯ್ಸ್ ಒದ್ದೆ ಜೇಡಿಮಣ್ಣಿನಲ್ಲಿ ಎರಡು ಗಾಜಿನ ಕೊಳವೆ ನೆಟ್ಟು, ಅವುಗಳಲ್ಲಿ ನೀರು ತುಂಬಿ, ಆಗಷ್ಟೇ ಬಳಕೆಗೆ ಬಂದಿದ್ದ ವೋಲ್ಟಾನ ಬ್ಯಾಟರಿಯ ತಂತಿಗಳನ್ನು ಇಳಿಬಿಟ್ಟ. ಋಣಾಗ್ರವಿದ್ದ ಕೊಳವೆಯಲ್ಲಿ ನೀರು ಮೇಲೇರಿತು. ಧನಾಗ್ರದ ಕೊಳವೆಯಲ್ಲಿ ಮಣ್ಣಿನ ಕಣಗಳು ಎದ್ದು ನೀರು ಕದಡಿತು. 1809ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಎರಡು ವಿದ್ಯಮಾನಗಳು ಒಟ್ಟಿಗೆ ಕಂಡಿದ್ದವು: ಕಣಗಳು ಒಂದು ಕಡೆಗೆ, ನೀರು ಇನ್ನೊಂದು ಕಡೆಗೆ. ಸಿವಿಲ್ ಎಂಜಿನಿಯರುಗಳು ಇದನ್ನು ಚಿಪ್ ಎಂಬುದು ಹುಟ್ಟುವ ಮೊದಲೇ ಬಳಸಿದರು. 1930ರ ದಶಕದಲ್ಲಿ ಜರ್ಮನಿಯಲ್ಲಿ ಲಿಯೊ ಕ್ಯಾಸಗ್ರಾಂಡೆ ಮೆತ್ತಗಿನ ಜೇಡಿನೆಲದಿಂದ ನೀರು ಬಸಿದು ಅದನ್ನು ಗಟ್ಟಿ ಮಾಡಲು ನೆಲಕ್ಕೆ ವಿದ್ಯುತ್ ಹಾಯಿಸಿದ.

ನೀರು ಏಕೆ ನಡೆಯಿತು? ಗಾಜಿನ ಅಥವಾ ಮಣ್ಣಿನ ಮೇಲ್ಮೈ ನೀರಿನ ಸಂಪರ್ಕಕ್ಕೆ ಬಂದಾಗ ಅಲ್ಲಿನ ಸಿಲಿಕಾನ್-ಆಮ್ಲಜನಕ-ಹೈಡ್ರೋಜನ್ ಗುಂಪುಗಳು ಹೈಡ್ರೋಜನ್ ಅಯಾನನ್ನು ನೀರಿಗೆ ಬಿಟ್ಟುಕೊಡುತ್ತವೆ. ಗೋಡೆಯಲ್ಲಿ ಋಣ ಆವೇಶ ಉಳಿಯುತ್ತದೆ. ಆ ಆವೇಶದ ಸೆಳೆತಕ್ಕೆ ದ್ರವದಲ್ಲಿರುವ ಧನ ಅಯಾನುಗಳು ಗೋಡೆಯ ಪಕ್ಕದಲ್ಲಿ ತೆಳ್ಳಗೆ ಪದರಗಟ್ಟುತ್ತವೆ. ಪದರದ ದಪ್ಪ ನೀರಿನಲ್ಲಿರುವ ಉಪ್ಪನ್ನು ಅವಲಂಬಿಸಿದೆ. ಉಪ್ಪು ಒಂದು ಮಿಲಿಮೋಲಾರ್ ಇದ್ದರೆ ಸುಮಾರು 10 ನ್ಯಾನೋಮೀಟರ್, ನೂರು ಮಿಲಿಮೋಲಾರ್ ಇದ್ದರೆ ಸುಮಾರು ಒಂದೇ ನ್ಯಾನೋಮೀಟರ್. ಕಾಲುವೆಯ ಉದ್ದಕ್ಕೂ ವಿದ್ಯುತ್ ಕ್ಷೇತ್ರ ಕೊಟ್ಟರೆ ಈ ಪದರದ ಅಯಾನುಗಳು ಋಣಾಗ್ರದ ಕಡೆಗೆ ಹೊರಡುತ್ತವೆ, ಜೊತೆಗಿರುವ ನೀರನ್ನೂ ಎಳೆಯುತ್ತವೆ. ಸ್ನಿಗ್ಧತೆಯ ದೆಸೆಯಿಂದ ಒಳಗಿನ ನೀರೆಲ್ಲ ಅದರ ಹಿಂದೆ ಬರುತ್ತದೆ. ತೇರಿನ ಹಗ್ಗ ಹಿಡಿದವರು ಅದರ ಅಂಚಿನಲ್ಲಷ್ಟೇ ಇದ್ದರೂ ಇಡೀ ತೇರು ಒಂದೇ ವೇಗದಲ್ಲಿ ಸಾಗುವ ಹಾಗೆ, ಕಾಲುವೆಯ ನಡುವಿನ ನೀರೂ ಗೋಡೆ ಬದಿಯ ನೀರೂ ಸರಿಸಮ ಸಾಗುತ್ತವೆ. ಒತ್ತಡದಿಂದ ನೂಕಿದ ಹರಿವಿನಲ್ಲಿ ಹೀಗಾಗುವುದಿಲ್ಲ. ಅಲ್ಲಿ ನಡುವಿನ ನೀರು ಮುಂದೋಡುತ್ತದೆ, ಗೋಡೆಯ ಬದಿಯದು ಹಿಂದುಳಿಯುತ್ತದೆ. ಹೀಗೆ ಸಮನಾಗಿ ಸಾಗುವ ಗುಣದಿಂದಲೇ 1981ರಲ್ಲಿ ಅಮೆರಿಕದ ಜೋರ್ಗೆನ್‌ಸನ್ ಮತ್ತು ಲುಕಾಕ್ಸ್ ಗಾಜಿನ ಕೇಶನಾಳದಲ್ಲಿ ಅತಿ ಸ್ಪಷ್ಟವಾದ ರಾಸಾಯನಿಕ ಬೇರ್ಪಡಿಕೆ ಮಾಡಿ ತೋರಿಸಲು ಆಯಿತು. ಮುಂದೆ ಹತ್ತು ವರ್ಷದಲ್ಲಿ ಅದೇ ವಿಧಾನ ಗಾಜಿನ ಚಿಪ್ಪಿಗೆ ಬಂತು.

1879ರಲ್ಲಿ ಹೆಲ್ಮ್‌ಹೋಲ್ಟ್ಸ್ ಆರಂಭಿಸಿದ ಸಿದ್ಧಾಂತವನ್ನು 1903ರಲ್ಲಿ ಪೋಲೆಂಡಿನ ಸ್ಮೊಲುಕೋವ್‌ಸ್ಕಿ ಈಗಿನ ರೂಪಕ್ಕೆ ತಂದ. ಹರಿವಿನ ವೇಗ ವಿದ್ಯುತ್ ಕ್ಷೇತ್ರಕ್ಕೂ ಗೋಡೆಯ ಜೀಟಾ ವಿಭವಕ್ಕೂ ಅನುಪಾತದಲ್ಲಿರುತ್ತದೆ, ಸ್ನಿಗ್ಧತೆ ಹೆಚ್ಚಿದಷ್ಟೂ ತಗ್ಗುತ್ತದೆ. ಜೀಟಾ ವಿಭವ ಎಂದರೆ ಗೋಡೆಗೆ ಅಂಟಿದ ದ್ರವ ಮುಗಿದು ಜಾರುವ ದ್ರವ ಶುರುವಾಗುವ ಗಡಿಯಲ್ಲಿ ಇರುವ ವೋಲ್ಟೇಜ್. ಶುಚಿಯಾದ ಗಾಜಿಗೆ, ಉಪ್ಪು ಕಡಿಮೆಯಿರುವ ತಟಸ್ಥ ನೀರಿನಲ್ಲಿ ಅದು ಋಣ 100 ಮಿಲಿವೋಲ್ಟಿನ ಸುತ್ತಮುತ್ತ. ಸೆಂಟಿಮೀಟರಿಗೆ 100 ವೋಲ್ಟ್ ಕ್ಷೇತ್ರ ಕೊಟ್ಟರೆ ನೀರು ಸೆಕೆಂಡಿಗೆ ಸುಮಾರು 0.7 ಮಿಲಿಮೀಟರ್ ಸಾಗುತ್ತದೆ. ಈ ಸೂತ್ರದಲ್ಲಿ ಕಾಲುವೆಯ ಅಗಲಕ್ಕೆ ಸ್ಥಾನವೇ ಇಲ್ಲ. ಹೇಗನ್-ಪ್ವಾಸೆಯ್ ನಿಯಮದ ಹದಿನಾರು ಪಟ್ಟಿನ ಕಾಟದಿಂದ ಬೇಸತ್ತ ವಿನ್ಯಾಸಕನಿಗೆ ಇದಕ್ಕಿಂತ ಸಿಹಿಸುದ್ದಿ ಬೇಕಿಲ್ಲ.

ರಂಧ್ರ ಕಿರಿದು, ಒತ್ತಡ ಹಿರಿದು

ವೇಗ ಒಂದು ಮಾತು, ಎದುರು ಒತ್ತಡವಿದ್ದರೂ ಹರಿವು ನಿಲ್ಲದಿರುವುದು ಇನ್ನೊಂದು. ತೆರೆದ ಕಾಲುವೆಯೇ ಪಂಪಾಗಿದ್ದರೆ, ಗೋಡೆಯ ಬದಿಯಲ್ಲಿ ನೀರು ಮುಂದೆ ಸಾಗುತ್ತಿರುವಾಗಲೇ ಎದುರಿನ ಒತ್ತಡ ನಡುವಿನ ನೀರನ್ನು ಹಿಂದಕ್ಕೆ ತಳ್ಳಬಲ್ಲದು. 100 ಮೈಕ್ರೋಮೀಟರ್ ವ್ಯಾಸದ ಗಾಜಿನ ಕಾಲುವೆಗೆ 1000 ವೋಲ್ಟ್ ಕೊಟ್ಟರೂ ಅದು ತಡೆದುಕೊಳ್ಳುವ ಗರಿಷ್ಠ ಒತ್ತಡ ಸುಮಾರು 220 ಪ್ಯಾಸ್ಕಲ್, ಎಂದರೆ ಎರಡು ಸೆಂಟಿಮೀಟರ್ ನೀರು. ಎರಡು ತುದಿಯ ಬಟ್ಟಲುಗಳಲ್ಲಿ ನೀರಿನ ಮಟ್ಟ ಒಂದು ಮಿಲಿಮೀಟರ್ ವ್ಯತ್ಯಾಸವಾದರೆ ಹರಿವಿನಲ್ಲಿ ನೂರಕ್ಕೆ ನಾಲ್ಕು ಭಾಗ ಏರುಪೇರಾಗುತ್ತದೆ. ಮೇಜು ಸ್ವಲ್ಪ ವಾಲಿದ್ದರೂ ಪ್ರಯೋಗದ ಫಲಿತಾಂಶ ಬದಲಾಗಲು ಇದೇ ಕಾರಣ.

ಪರಿಹಾರ ಗಣಿತದಲ್ಲೇ ಇದೆ. ಗರಿಷ್ಠ ಒತ್ತಡ ಕೊಟ್ಟ ವೋಲ್ಟೇಜಿಗೆ ಅನುಪಾತದಲ್ಲಿದೆ, ತ್ರಿಜ್ಯದ ವರ್ಗಕ್ಕೆ ವಿಲೋಮವಾಗಿದೆ. ಉದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಒಂದು ಅಗಲ ಕಾಲುವೆಯ ಬದಲು ಒಂದು ಮೈಕ್ರೋಮೀಟರ್ ವ್ಯಾಸದ ರಂಧ್ರಗಳಿದ್ದರೆ, ಬರೀ 100 ವೋಲ್ಟಿಗೆ ವಾಯುಮಂಡಲದ ಎರಡು ಪಟ್ಟು ಒತ್ತಡ ಹುಟ್ಟುತ್ತದೆ. ಒಂದು ರಂಧ್ರದಲ್ಲಿ ಹರಿಯುವ ನೀರು ಅತ್ಯಲ್ಪ. ಲಕ್ಷಗಟ್ಟಲೆ ರಂಧ್ರಗಳು ಪಕ್ಕಪಕ್ಕದಲ್ಲಿದ್ದರೆ ಹರಿವೂ ಸಿಗುತ್ತದೆ. ಗಾಜಿನ ಪುಡಿಯನ್ನು ಕರಗುವ ತುಸು ಮೊದಲಿನ ಶಾಖದಲ್ಲಿ ಬೆಸೆದು ಮಾಡಿದ ಬಿಲ್ಲೆಯಲ್ಲಿ ಇಂಥ ರಂಧ್ರಗಳು ತಾವಾಗಿ ಸಿಗುತ್ತವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುವಾನ್ ಸ್ಯಾಂಟಿಯಾಗೊ ಅವರ ಗುಂಪು 2003ರಲ್ಲಿ ವರದಿ ಮಾಡಿದ ಇಂಥ ಪಂಪು 100 ವೋಲ್ಟಿನಲ್ಲಿ ನಿಮಿಷಕ್ಕೆ ಗರಿಷ್ಠ 33 ಮಿಲಿಲೀಟರ್ ಹರಿವನ್ನೂ ಗರಿಷ್ಠ 1.3 ವಾಯುಮಂಡಲದಷ್ಟು ಒತ್ತಡವನ್ನೂ ಕೊಟ್ಟಿತು. ಅವರ ಗುರಿ ಕಂಪ್ಯೂಟರ್ ಪ್ರೊಸೆಸರಿನಂಥ, ನೂರು ವಾಟಿಗೂ ಮಿಕ್ಕಿ ಶಾಖ ಕಾರುವ ಚಿಪ್ಪುಗಳನ್ನು ನೀರಿನಿಂದ ತಣಿಸುವುದು.

ಈ ಎರಡು ಗರಿಷ್ಠಗಳೂ ಒಟ್ಟಿಗೆ ಸಿಗುವುದಿಲ್ಲ ಎಂಬುದನ್ನು ಮರೆಯಬಾರದು. ಎದುರು ಒತ್ತಡವೇ ಇಲ್ಲದಿದ್ದಾಗ ಪೂರ್ತಿ ಹರಿವು. ಗರಿಷ್ಠ ಒತ್ತಡದಲ್ಲಿ ಹರಿವು ಸೊನ್ನೆ. ನಡುವೆ ನೇರವಾದ ಇಳಿಗೆರೆ. ಉಪಯುಕ್ತ ಶಕ್ತಿ ಅತಿ ಹೆಚ್ಚು ಸಿಗುವುದು ಆ ಗೆರೆಯ ನಡುಬಿಂದುವಿನಲ್ಲಿ. ಚಿಪ್ಪಿನ ಕಾಲುವೆಗಳಿಗೆ ಎಷ್ಟು ಒತ್ತಡ ಬೇಕು ಎಂದು ಮೊದಲು ಲೆಕ್ಕ ಹಾಕಿ, ಅದಕ್ಕಿಂತ ಕಡಿಮೆಯೆಂದರೂ ಎರಡು ಪಟ್ಟು ಗರಿಷ್ಠ ಒತ್ತಡವಿರುವ ಪಂಪನ್ನು ಆರಿಸುವುದು ಕ್ಷೇಮ. ಹಾಗೆ ಮಾಡಿದರೆ ಕಾಲುವೆಯಲ್ಲಿ ಸ್ವಲ್ಪ ಕಸ ಕಟ್ಟಿಕೊಂಡರೂ ಹರಿವು ಪೂರ್ತಿ ನಿಂತುಹೋಗುವುದಿಲ್ಲ. ರಂಧ್ರವನ್ನು ಎಷ್ಟು ಬೇಕಾದರೂ ಕಿರಿದಾಗಿಸಬಹುದು ಎಂದೂ ಅಲ್ಲ. ಎದುರುಬದುರು ಗೋಡೆಗಳ ಅಯಾನು ಪದರಗಳು ಒಂದರ ಮೇಲೊಂದು ಬಂದರೆ ಎಳೆತವೇ ಕುಂದುತ್ತದೆ. ಉಪ್ಪು ಒಂದು ಮಿಲಿಮೋಲಾರ್ ಇರುವಲ್ಲಿ ರಂಧ್ರದ ತ್ರಿಜ್ಯ ನೂರು ನ್ಯಾನೋಮೀಟರಿಗಿಂತ ಕೆಳಗಿಳಿಯದಿರುವುದು ಮೇಲು.

ಎಲೆಕ್ಟ್ರೋಡಿನ ಬಳಿ

ಪಂಪು ಕೆಡಲು ಶುರುವಾಗುವ ಜಾಗ ಇದು. ಕಾಲುವೆಯಲ್ಲಿ ವಿದ್ಯುತ್ತನ್ನು ಅಯಾನುಗಳು ಹೊರುತ್ತವೆ, ತಂತಿಯಲ್ಲಿ ಎಲೆಕ್ಟ್ರಾನುಗಳು. ಎರಡೂ ಕೂಡುವ ಲೋಹದ ಮೇಲ್ಮೈಯಲ್ಲಿ ಯಾವುದಾದರೊಂದು ರಾಸಾಯನಿಕ ಕ್ರಿಯೆ ನಡೆದೇ ತೀರಬೇಕು. ಇಲ್ಲವಾದರೆ ಕರೆಂಟು ನಿಲ್ಲುತ್ತದೆ. ಪ್ಲಾಟಿನಂ ತಂತಿ ಬಳಸಿದರೆ ಆ ಕ್ರಿಯೆ ನೀರಿನ ವಿಭಜನೆ. ಋಣಾಗ್ರದಲ್ಲಿ ಹೈಡ್ರೋಜನ್ ಅನಿಲವೂ ಕ್ಷಾರವೂ ಹುಟ್ಟುತ್ತವೆ, ಧನಾಗ್ರದಲ್ಲಿ ಆಮ್ಲಜನಕವೂ ಆಮ್ಲವೂ.

ಒಂದು ಮಿಲಿಆಂಪಿಯರ್ ಕರೆಂಟಿಗೆ ನಿಮಿಷಕ್ಕೆ ಸುಮಾರು ಏಳೂವರೆ ಮೈಕ್ರೋಲೀಟರ್ ಹೈಡ್ರೋಜನ್, ಅದರ ಅರ್ಧದಷ್ಟು ಆಮ್ಲಜನಕ ಹುಟ್ಟುತ್ತದೆ. ನಿಮಿಷಕ್ಕೆ ಒಂದು ಮೈಕ್ರೋಲೀಟರ್ ದ್ರವ ಸಾಗಬೇಕಾದ ಚಿಪ್ಪಿನಲ್ಲಿ ಹನ್ನೊಂದು ಮೈಕ್ರೋಲೀಟರ್ ಅನಿಲ! ಗಾಜಿನ ಪಂಪಿನಲ್ಲಿ ನೀರು ಧನಾಗ್ರದಿಂದ ಋಣಾಗ್ರದ ಕಡೆಗೆ ಹೋಗುವುದರಿಂದ, ಎರಡರಲ್ಲಿ ಹೆಚ್ಚು ಗಾತ್ರದ ಹೈಡ್ರೋಜನ್ ಹುಟ್ಟುವುದು ಹೊರಹರಿವಿನ ಕಡೆ. ಅಲ್ಲಿಂದ ಮುಂದೆ ಇರುವುದು ಅಳತೆಯ ಸೂಕ್ಷ್ಮ ಕಾಲುವೆ. 50 ಮೈಕ್ರೋಮೀಟರ್ ತ್ರಿಜ್ಯದ ಕಾಲುವೆಯಲ್ಲಿ ಗುಳ್ಳೆಯ ಬಾಗಿದ ಮೇಲ್ಮೈ ಸುಮಾರು 2900 ಪ್ಯಾಸ್ಕಲ್‌ವರೆಗೂ ತಡೆ ಒಡ್ಡಬಲ್ಲದು. ತೆರೆದ ಕಾಲುವೆಯ ಪಂಪಿನ ಗರಿಷ್ಠ ಒತ್ತಡ 220 ಪ್ಯಾಸ್ಕಲ್. ಇನ್ನು ಗುಳ್ಳೆ ಧನಾಗ್ರ ಮತ್ತು ಋಣಾಗ್ರದ ನಡುವೆಯೇ ಸಿಕ್ಕಿಕೊಂಡರೆ ವಿದ್ಯುತ್ತಿನ ಹಾದಿಯೂ ಕಡಿದುಹೋಗುತ್ತದೆ.

ಗುಳ್ಳೆ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಎಲ್ಲರೂ ಅದನ್ನೇ ದೂರುತ್ತಾರೆ. ಕಾಣದಿರುವ ಆಮ್ಲವೇ ಹೆಚ್ಚು ಅಪಾಯಕಾರಿ. ಒಂದು ಮಿಲಿಆಂಪಿಯರ್ ಒಂದು ನಿಮಿಷ ಹರಿದರೆ ಧನಾಗ್ರದಲ್ಲಿ 0.6 ಮೈಕ್ರೋಮೋಲ್ ಆಮ್ಲ ಸೇರುತ್ತದೆ. ಬಫರ್ ಇಲ್ಲದ ಒಂದು ಮಿಲಿಲೀಟರ್ ನೀರಿನ ಪಿಎಚ್ ಅಷ್ಟಕ್ಕೇ 7ರಿಂದ 3ರ ಹತ್ತಿರಕ್ಕೆ ಕುಸಿಯುತ್ತದೆ. ಮೇಲೆ ಹೇಳಿದಂತೆ ನೀರು ಧನಾಗ್ರದ ಕಡೆಯಿಂದಲೇ ಪಂಪಿನೊಳಕ್ಕೆ ಬರುತ್ತದೆ; ಹೈಡ್ರೋಜನ್ ಅಯಾನುಗಳು ವಿದ್ಯುತ್ ಕ್ಷೇತ್ರದ ಸೆಳೆತಕ್ಕೂ ಅದೇ ದಿಕ್ಕಿಗೆ ಧಾವಿಸುತ್ತವೆ. ಆಮ್ಲ ರಂಧ್ರಗಳೊಳಕ್ಕೆ ಬಂದಾಗ, ಗಾಜಿನ ಗೋಡೆ ಬಿಟ್ಟುಕೊಟ್ಟಿದ್ದ ಹೈಡ್ರೋಜನ್ ಅಯಾನುಗಳನ್ನು ಮರಳಿ ಪಡೆಯುತ್ತದೆ, ಅದರ ಋಣ ಆವೇಶ ಕರಗುತ್ತದೆ. ಪಿಎಚ್ 3ರ ಕೆಳಗೆ ಜೀಟಾ ವಿಭವ ಬಹುತೇಕ ಸೊನ್ನೆ. ಪಂಪು ತಾನೇ ಹುಟ್ಟಿಸಿದ ಆಮ್ಲವನ್ನು ತಾನೇ ಹೀರಿಕೊಂಡು ನಿಧಾನವಾಗಿ ನಿಂತುಹೋಗುತ್ತದೆ. ಹೊರಗಿನಿಂದ ನೋಡುವವನಿಗೆ ವೋಲ್ಟೇಜು ಸರಿಯಿದೆ, ಗುಳ್ಳೆಯಿಲ್ಲ, ಸೋರಿಕೆಯಿಲ್ಲ. ಹರಿವು ಮಾತ್ರ ಗಂಟೆಗಂಟೆಗೆ ಇಳಿಯುತ್ತಿರುತ್ತದೆ.

ಮೊದಲ ಉಪಾಯ ಬಫರ್ ದ್ರಾವಣ. ಆದರೆ ಅದು ಕಾಲಾವಕಾಶ ಕೊಡುತ್ತದೆಯೇ ಹೊರತು ಕಾರಣವನ್ನು ತೊಡೆಯುವುದಿಲ್ಲ. ಹತ್ತು ಮಿಲಿಮೋಲಾರ್ ಬಫರ್ ಒಂದು ಮಿಲಿಲೀಟರ್ ಇದ್ದರೆ, ಒಂದು ಮಿಲಿಆಂಪಿಯರ್ ಕರೆಂಟು ಅದರ ಅರ್ಧವನ್ನು ಎಂಟು ನಿಮಿಷದಲ್ಲಿ ಮುಗಿಸುತ್ತದೆ. ಮೈಕ್ರೋಆಂಪಿಯರುಗಳಲ್ಲಿ ಓಡುವ ಪಂಪಿಗೆ, ಬಟ್ಟಲು ದೊಡ್ಡದಿದ್ದರೆ, ಇಷ್ಟೇ ಸಾಕಾದೀತು. ಕೇಶನಾಳದ ಬೇರ್ಪಡಿಕೆ ಯಂತ್ರಗಳಲ್ಲಿ ಮಾಡುವುದು ಅದನ್ನೇ: ತೆರೆದ ಬಟ್ಟಲು, ಅನಿಲ ಗಾಳಿಗೆ ಹೋಗುತ್ತದೆ, ಬಫರನ್ನು ಆಗಾಗ ಬದಲಾಯಿಸುತ್ತಾರೆ. ಜೇಬಿನಲ್ಲಿಟ್ಟು ತಿರುಗಬೇಕಾದ ಸಾಧನಕ್ಕೆ ತೆರೆದ ಬಟ್ಟಲು ಹೊಂದುವುದಿಲ್ಲ.

ಎರಡನೆಯದು, ಎಲೆಕ್ಟ್ರೋಡನ್ನು ಕಾಲುವೆಯಿಂದ ಹೊರಗಿಡುವುದು. ಎಲೆಕ್ಟ್ರೋಡ್ ಕೋಣೆಗೂ ಕಾಲುವೆಗೂ ನಡುವೆ ನಾಫಿಯಾನ್‌ನಂಥ ಅಯಾನು ವಿನಿಮಯ ಪೊರೆಯನ್ನೋ ಉಪ್ಪು ಸೇರಿಸಿದ ಅಗರ್ ಜೆಲ್ಲನ್ನೋ ಇಡುತ್ತಾರೆ. ಅಯಾನುಗಳು ದಾಟುತ್ತವೆ, ಗುಳ್ಳೆಗಳು ದಾಟಲಾರವು. ಆಮ್ಲವನ್ನು ಪೊರೆ ಪೂರ್ತಿ ತಡೆಯುವುದಿಲ್ಲ. ಧನ ಅಯಾನುಗಳನ್ನು ಬಿಡುವ ಪೊರೆ ಹೈಡ್ರೋಜನ್ ಅಯಾನನ್ನೂ ಧಾರಾಳವಾಗಿ ಬಿಡುತ್ತದೆ. ಮುಚ್ಚಿದ ಸುತ್ತುಹಾದಿಯಲ್ಲಿ ಓಡುವ ಪಂಪಿಗೆ ಸ್ಟ್ಯಾನ್‌ಫರ್ಡ್ ಗುಂಪು ಮೂರನೆಯ ದಾರಿ ಹಿಡಿಯಿತು. ಹುಟ್ಟಿದ ಹೈಡ್ರೋಜನ್ ಮತ್ತು ಆಮ್ಲಜನಕವನ್ನು ವೇಗವರ್ಧಕದ ಮೇಲೆ ಮತ್ತೆ ಕೂಡಿಸಿ ನೀರು ಮಾಡಿ, ಆ ನೀರನ್ನು ಹಾದಿಗೆ ಮರಳಿಸಿದರು.

ಈ ಎಲ್ಲಕ್ಕಿಂತ ಮೂಲಕ್ಕೆ ಹೋಗುವ ಪರಿಹಾರ, ನೀರನ್ನು ಒಡೆಯದ ಎಲೆಕ್ಟ್ರೋಡ್. ನೀರಿನ ವಿಭಜನೆಗೆ ಕನಿಷ್ಠ 1.23 ವೋಲ್ಟ್ ಬೇಕು. ಅದಕ್ಕಿಂತ ಸುಲಭವಾಗಿ ನಡೆಯುವ ಇನ್ನೊಂದು ಕ್ರಿಯೆಯನ್ನು ಎಲೆಕ್ಟ್ರೋಡಿನಲ್ಲೇ ಒದಗಿಸಿದರೆ ಕರೆಂಟು ಆ ದಾರಿ ಹಿಡಿಯುತ್ತದೆ. 2011ರ ಸುಮಾರಿಗೆ ಟೆಕ್ಸಾಸ್ ವಿಶ್ವವಿದ್ಯಾಲಯದ ಆಡಮ್ ಹೆಲ್ಲರ್ ಮತ್ತು ದಕ್ಷಿಣ ಕೊರಿಯದ ವೂನ್ಸಪ್ ಶಿನ್ ಬೆಳ್ಳಿ ಮತ್ತು ಬೆಳ್ಳಿ ಆಕ್ಸೈಡಿನ ಜೋಡಿಯನ್ನು ಬಳಸಿದರು. ಧನಾಗ್ರದಲ್ಲಿ ಬೆಳ್ಳಿ ಆಕ್ಸೈಡಾಗುತ್ತದೆ, ಋಣಾಗ್ರದಲ್ಲಿ ಆಕ್ಸೈಡ್ ಮತ್ತೆ ಬೆಳ್ಳಿಯಾಗುತ್ತದೆ, ಅನಿಲ ಹುಟ್ಟುವುದಿಲ್ಲ. ಉಪ್ಪಿಲ್ಲದ ಶುದ್ಧ ನೀರಿನಲ್ಲಿ ಧನಾಗ್ರದಲ್ಲಿ ಹುಟ್ಟುವ ಹೈಡ್ರೋಜನ್ ಅಯಾನುಗಳೇ ದಾಟಿಹೋಗಿ ಋಣಾಗ್ರದಲ್ಲಿ ಖರ್ಚಾಗುವುದರಿಂದ ಆಮ್ಲವೂ ಒಂದೆಡೆ ಕೂಡಿಕೊಳ್ಳುವುದಿಲ್ಲ. ಪೆಡಾಟ್‌ನಂಥ ವಿದ್ಯುತ್‌ವಾಹಕ ಪಾಲಿಮರನ್ನು ಎಲೆಕ್ಟ್ರೋಡಾಗಿ ಬಳಸಿದವರೂ ಇದ್ದಾರೆ. ಅದು ಅಯಾನುಗಳನ್ನು ತನ್ನೊಳಗೆ ಹೀರಿ ಬಿಡುತ್ತದೆ. ಇಲ್ಲೆಲ್ಲ ಎಲೆಕ್ಟ್ರೋಡ್ ಎಂಬುದು ಬ್ಯಾಟರಿಯಂತೆ ಮುಗಿದುಹೋಗುವ ಸರಕು. ಆ ವಿಚಾರ ಕೊನೆಗೆ ಬರುತ್ತದೆ.

ಏಕಮುಖ ಕರೆಂಟನ್ನೇ ಬಿಟ್ಟರೆ ಹೇಗೆ? 2000ದಲ್ಲಿ ಫ್ರಾನ್ಸಿನ ಅರ್ಮಾನ್ ಅಜ್ದಾರಿ, ಕಾಲುವೆಯ ತಳದಲ್ಲಿ ಅಗಲವಾದ ಮತ್ತು ಕಿರಿದಾದ ಎಲೆಕ್ಟ್ರೋಡುಗಳನ್ನು ಒಂದರ ಪಕ್ಕ ಒಂದು ಸಾಲಾಗಿಟ್ಟು ಪರ್ಯಾಯ ವಿದ್ಯುತ್ ಕೊಟ್ಟರೂ ದ್ರವ ಒಂದೇ ದಿಕ್ಕಿಗೆ ಹರಿಯಬಲ್ಲದೆಂದು ತೋರಿಸಿದ. ಕೆಲವೇ ವೋಲ್ಟ್ ಸಾಕು, ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ನೀರು ಒಡೆಯುವಷ್ಟು ಹೊತ್ತು ಸಿಗುವುದಿಲ್ಲ. ಮೆಟ್ಟಿಲಿನಾಕಾರದ ಎಲೆಕ್ಟ್ರೋಡುಗಳಿಂದ ವೇಗ ಹೆಚ್ಚಿಸಬಹುದೆಂದು ಎಂಐಟಿಯ ಮಾರ್ಟಿನ್ ಬಜಾಂಟ್ ಮುಂತಾದವರು 2006ರಲ್ಲಿ ತೋರಿಸಿದರು. ಆದರೆ ಅದು ಹುಟ್ಟಿಸುವ ಒತ್ತಡ ಬಹಳ ಕಡಿಮೆ, ಮತ್ತು ಉಪ್ಪು ಹತ್ತು ಮಿಲಿಮೋಲಾರಿನ ಆಸುಪಾಸಿಗೆ ಬಂದರೆ ಹರಿವು ಸತ್ತೇಹೋಗುತ್ತದೆ. ದೇಹದ ದ್ರವಗಳಲ್ಲಿ ಅದರ ಹದಿನೈದು ಪಟ್ಟು ಉಪ್ಪಿದೆ. ಹೀಗಾಗಿ ಚೆಲುವಾದ ಈ ವಿಧಾನ ಹೆಚ್ಚಾಗಿ ಪ್ರಬಂಧಗಳಲ್ಲೇ ಉಳಿದಿದೆ.

ಮೇಲ್ಮೈ, ಉಪ್ಪು, ಶಾಖ

ಹರಿವು ಗೋಡೆಯಿಂದ ಹುಟ್ಟುವುದರಿಂದ ಗೋಡೆ ಬದಲಾದರೆ ಪಂಪೂ ಬದಲಾಗುತ್ತದೆ. ಚಿಪ್ ತಯಾರಕರ ಮೆಚ್ಚಿನ ವಸ್ತುವಾದ ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರು ಇಲ್ಲಿ ನಂಬಿಕೆಗೆ ಅರ್ಹವಲ್ಲ. ಆಮ್ಲಜನಕದ ಪ್ಲಾಸ್ಮಾಕ್ಕೆ ಒಡ್ಡಿದಾಗ ಅದರ ಮೇಲ್ಮೈ ಗಾಜಿನಂತಾಗಿ ಒಳ್ಳೆಯ ಹರಿವು ಕೊಡುತ್ತದೆ. ಗಾಳಿಯಲ್ಲಿಟ್ಟರೆ ಕೆಲವೇ ಗಂಟೆಗಳಿಂದ ದಿನಗಳೊಳಗೆ ಒಳಗಿನ ಸಣ್ಣ ಅಣುಗಳು ಮೇಲೆ ಬಂದು ಮತ್ತೆ ನೀರನ್ನು ದೂರವಿಡುವ ಮೇಲ್ಮೈಯಾಗುತ್ತದೆ. ಸೋಮವಾರ ಅಳೆದ ಹರಿವು ಶುಕ್ರವಾರಕ್ಕೆ ಸಿಗುವುದಿಲ್ಲ. ಪಂಪಿನ ಭಾಗಕ್ಕೆ ಗಾಜು ಅಥವಾ ಸಿಲಿಕಾವನ್ನೇ ಬಳಸಿ, ಉಳಿದ ಚಿಪ್ಪನ್ನು ಬೇಕಾದರೆ ರಬ್ಬರಿನಲ್ಲಿ ಮಾಡುವುದು ವಿವೇಕ. ಗಾಜಿಗೂ ಮಿತಿಯಿದೆ. ಪಿಎಚ್ 9 ದಾಟಿದರೆ ಸಿಲಿಕಾ ನಿಧಾನವಾಗಿ ಕರಗತೊಡಗುತ್ತದೆ, ರಕ್ತದ ಸೀರಮ್‌ನಂಥ ದ್ರವದ ಪ್ರೋಟೀನುಗಳು ಗೋಡೆಗೆ ಅಂಟಿಕೊಂಡು ಆವೇಶವನ್ನು ಮುಚ್ಚಿಬಿಡುತ್ತವೆ.

ಉಪ್ಪು ಹೆಚ್ಚಾದರೆ ಎರಡು ತೊಂದರೆ ಒಟ್ಟಿಗೆ ಬರುತ್ತವೆ: ಜೀಟಾ ವಿಭವ ಇಳಿಯುತ್ತದೆ, ಕರೆಂಟು ಏರುತ್ತದೆ. ಕರೆಂಟು ಏರಿದರೆ ಮೇಲಿನ ಗುಳ್ಳೆ-ಆಮ್ಲದ ಲೆಕ್ಕವೆಲ್ಲ ಅಷ್ಟೇ ಪಟ್ಟು ಏರುತ್ತದೆ, ಶಾಖವೂ ಸೇರಿಕೊಳ್ಳುತ್ತದೆ. ಸೆಂಟಿಮೀಟರಿಗೆ 100 ವೋಲ್ಟ್ ಕ್ಷೇತ್ರದಲ್ಲಿ ಹತ್ತು ಮಿಲಿಮೋಲಾರ್ ಅಡುಗೆ ಉಪ್ಪಿನ ದ್ರಾವಣ, ಶಾಖ ಹೊರಹೋಗದಿದ್ದರೆ, ಸೆಕೆಂಡಿಗೆ ಸುಮಾರು 3 ಡಿಗ್ರಿ ಬಿಸಿಯಾಗುತ್ತದೆ. ರಕ್ತದಷ್ಟು ಉಪ್ಪಿದ್ದರೆ 35 ಡಿಗ್ರಿಗೂ ಹೆಚ್ಚು. ಗೋಡೆಗಳು ಈ ಶಾಖದ ಬಹುಭಾಗವನ್ನು ಸಾಗಿಸುತ್ತವೆ ನಿಜ, ಆದರೆ ರಬ್ಬರಿನ ಗೋಡೆ ಗಾಜಿನ ಗೋಡೆಗಿಂತ ಐದಾರು ಪಟ್ಟು ನಿಧಾನವಾಗಿ ಸಾಗಿಸುತ್ತದೆ. ಬಿಸಿಯಾದ ನೀರು ಕರಗಿದ ಗಾಳಿಯನ್ನು ಹೊರಹಾಕುವುದರಿಂದ ಎಲೆಕ್ಟ್ರೋಡಿಗೆ ಸಂಬಂಧವೇ ಇಲ್ಲದ ಗುಳ್ಳೆಗಳೂ ಹುಟ್ಟುತ್ತವೆ. ದ್ರವವನ್ನು ಚಿಪ್ಪಿಗೆ ತುಂಬುವ ಮೊದಲು ನಿರ್ವಾತದಲ್ಲಿಟ್ಟು ಗಾಳಿ ತೆಗೆಯುವುದು, ರಂಧ್ರಬಿಲ್ಲೆಯ ಮುಂದೆ ಶೋಧಕ ಇಡುವುದು, ಒಮ್ಮೆ ನೆನೆದ ಬಿಲ್ಲೆಯನ್ನು ಉಪ್ಪುನೀರಿನೊಂದಿಗೆ ಒಣಗಲು ಬಿಡದಿರುವುದು ಸಣ್ಣ ವಿಷಯಗಳಂತೆ ಕಂಡರೂ ಪಂಪಿನ ಆಯಸ್ಸು ಬಹಳ ಸಲ ಅವುಗಳ ಮೇಲೇ ನಿಂತಿರುತ್ತದೆ. ಒಣಗಿದ ಉಪ್ಪಿನ ಹರಳು ಒಂದು ಮೈಕ್ರೋಮೀಟರಿನ ರಂಧ್ರದಿಂದ ಸುಲಭವಾಗಿ ಬಿಡುವುದಿಲ್ಲ.

ಪ್ರೋಟೀನು, ಜೀವಕೋಶ, ಉಪ್ಪು ಎಲ್ಲವೂ ಇರುವ ದ್ರವವನ್ನು ಸಾಗಿಸಲೇಬೇಕಾದರೆ ಅದನ್ನು ಪಂಪಿನೊಳಕ್ಕೆ ಬಿಡದಿರುವುದೇ ಸರಿ. ಪಂಪಿನೊಳಗೆ ಅದಕ್ಕೆ ಒಗ್ಗುವ ಶುದ್ಧ ನೀರು ಮಾತ್ರ ಓಡುತ್ತದೆ. ಆ ನೀರು ಒಂದು ತೆಳು ಪೊರೆಯನ್ನು ನೂಕುತ್ತದೆ, ಪೊರೆಯ ಆಚೆ ಬದಿಯಲ್ಲಿ ರಕ್ತವೋ ಔಷಧವೋ ಸಾಗುತ್ತದೆ. ಹೀಗೆ ಮಾಡಿದರೆ ಚಲಿಸುವ ಭಾಗವಿಲ್ಲ ಎಂಬ ಹೆಗ್ಗಳಿಕೆ ಹೋಗುತ್ತದೆ, ಪಂಪು ಮಾತ್ರ ಉಳಿಯುತ್ತದೆ. ವಿನ್ಯಾಸದ ಶುದ್ಧತೆಗಾಗಿ ಪೊರೆಯನ್ನು ನಿರಾಕರಿಸುವುದರಲ್ಲಿ ಅರ್ಥವಿಲ್ಲ.

ವೋಲ್ಟೇಜೋ ಕರೆಂಟೋ

ಪಂಪಿಗೆ ಸ್ಥಿರ ವೋಲ್ಟೇಜ್ ಕೊಡುವುದು ಸಾಮಾನ್ಯ ರೂಢಿ. ನೀರಿನ ಸ್ನಿಗ್ಧತೆ ಪ್ರತಿ ಡಿಗ್ರಿಗೆ ನೂರಕ್ಕೆ ಎರಡರಷ್ಟು ಇಳಿಯುವುದರಿಂದ, ವೋಲ್ಟೇಜ್ ಸ್ಥಿರವಾಗಿದ್ದರೆ ಹರಿವು ಡಿಗ್ರಿಗೆ ಅಷ್ಟೇ ಏರುತ್ತದೆ. ಬೆಳಗ್ಗೆ 20 ಡಿಗ್ರಿ, ಮಧ್ಯಾಹ್ನ 30 ಡಿಗ್ರಿ ಇರುವ ಕೋಣೆಯಲ್ಲಿ ಇದು ಸಣ್ಣ ದೋಷವಲ್ಲ. ಅಯಾನುಗಳು ನೀರಿನಲ್ಲಿ ಚಲಿಸುವುದಕ್ಕೂ ಅದೇ ಸ್ನಿಗ್ಧತೆ ಅಡ್ಡಿಯಾಗಿರುವುದರಿಂದ, ವಾಹಕತೆಯೂ ಡಿಗ್ರಿಗೆ ಸುಮಾರು ನೂರಕ್ಕೆ ಎರಡರಷ್ಟೇ ಏರುತ್ತದೆ. ಕರೆಂಟನ್ನು ಸ್ಥಿರವಾಗಿಟ್ಟರೆ ವಾಹಕತೆ ಏರಿದಷ್ಟು ಕ್ಷೇತ್ರ ತಾನಾಗಿ ಇಳಿಯುತ್ತದೆ, ಎರಡು ಪರಿಣಾಮಗಳೂ ಒಂದನ್ನೊಂದು ಬಹುಪಾಲು ಕಳೆದುಹಾಕುತ್ತವೆ. ತಾಪಮಾನದ ಸಂವೇದಕವಿಲ್ಲದೆ, ಯಾವ ಲೆಕ್ಕಾಚಾರವೂ ಇಲ್ಲದೆ ಹರಿವು ಸ್ಥಿರವಾಗುತ್ತದೆ. ಅಪಾಯ ಒಂದೇ. ಗುಳ್ಳೆಯಿಂದ ಹಾದಿ ಕಿರಿದಾದಾಗ ಯಂತ್ರ ಅದೇ ಕರೆಂಟನ್ನು ದೂಡಲು ವೋಲ್ಟೇಜನ್ನು ಏರಿಸುತ್ತ ಹೋಗುತ್ತದೆ. ಅದಕ್ಕೊಂದು ಮೇಲ್ಮಿತಿ ಇಟ್ಟು, ಮುಟ್ಟಿದ ಕೂಡಲೇ ಪಂಪು ನಿಲ್ಲುವಂತೆ ಮಾಡಲೇಬೇಕು.

ಇದೇ ಗುಣ ಪಂಪಿನ ದೋಷಪತ್ತೆಗೂ ಉಪಯೋಗಕ್ಕೆ ಬರುತ್ತದೆ. ಕರೆಂಟು ಸ್ಥಿರವಿರುವಾಗ ವೋಲ್ಟೇಜ್ ಒಮ್ಮೆಲೇ ಜಿಗಿದರೆ ಗುಳ್ಳೆ; ದಿನಗಟ್ಟಲೆ ನಿಧಾನವಾಗಿ ಏರಿದರೆ ರಂಧ್ರ ಕಟ್ಟಿಕೊಳ್ಳುತ್ತಿದೆ ಅಥವಾ ಎಲೆಕ್ಟ್ರೋಡ್ ಮುಗಿಯುತ್ತಿದೆ; ನಿಧಾನವಾಗಿ ಇಳಿದರೆ ಅಯಾನುಗಳು, ಬಹುಶಃ ಆಮ್ಲ, ಕೂಡಿಕೊಳ್ಳುತ್ತಿವೆ. ವೋಲ್ಟೇಜ್ ಸ್ವಲ್ಪವೂ ಅಲುಗದೆ ಹರಿವು ಮಾತ್ರ ಇಳಿಯುತ್ತಿದ್ದರೆ ಗೋಡೆಯ ಆವೇಶ ಹೋಗುತ್ತಿದೆ ಎಂದರ್ಥ. ಅದನ್ನು ಹಿಡಿಯಲು ಪ್ರತ್ಯೇಕ ಹರಿವುಮಾಪಕವೇ ಬೇಕು.

ಶಕ್ತಿಯ ಲೆಕ್ಕದಲ್ಲಿ ಈ ಪಂಪುಗಳು ಬಡವು. ಕೊಟ್ಟ ವಿದ್ಯುತ್ತಿನಲ್ಲಿ ಕೆಲವೇ ಶೇಕಡಾ, ಬಹಳ ಸಲ ಒಂದು ಶೇಕಡಾಕ್ಕೂ ಕಡಿಮೆ, ದ್ರವವನ್ನು ನೂಕುವ ಕೆಲಸಕ್ಕೆ ಸಲ್ಲುತ್ತದೆ. ಮೈಕ್ರೋಆಂಪಿಯರುಗಳಲ್ಲಿ ಓಡುವ ಸಾಧನದಲ್ಲಿ ಇದು ದೊಡ್ಡ ವಿಷಯವಲ್ಲ. ಇಲ್ಲಿ ಆಯಸ್ಸನ್ನು ನಿರ್ಧರಿಸುವುದು ಎಲೆಕ್ಟ್ರೋಡಿನಲ್ಲಿರುವ ಸರಕು. ಚರ್ಮಕ್ಕೆ ಅಂಟಿಸಿಕೊಳ್ಳುವ ಔಷಧ ಪಂಪೊಂದು ಮೂರು ದಿನ, ಹತ್ತು ಮೈಕ್ರೋಆಂಪಿಯರಿನಲ್ಲಿ ಸತತ ಓಡಬೇಕು ಎಂದುಕೊಳ್ಳೋಣ. ಒಟ್ಟು ಹರಿಯುವ ಆವೇಶ 2.6 ಕೂಲಂಬ್. ಅಷ್ಟಕ್ಕೆ ಋಣಾಗ್ರದಲ್ಲಿ ಸುಮಾರು ಮೂರು ಮಿಲಿಗ್ರಾಂ ಬೆಳ್ಳಿ ಆಕ್ಸೈಡ್ ಖರ್ಚಾಗುತ್ತದೆ. ಅದು ಮುಗಿದ ಮರುಕ್ಷಣ ಕರೆಂಟು ನೀರನ್ನು ಒಡೆಯುವ ಹಳೆಯ ದಾರಿ ಹಿಡಿದು ಗುಳ್ಳೆಗಳು ಏಳುತ್ತವೆ. ಹಾಗಾಗಿ ಐದಾರು ಮಿಲಿಗ್ರಾಂ ಹಾಕಿ, ಮೂರನೆಯ ದಿನ ಸಾಧನವನ್ನು ಬಿಸಾಡುವುದು ಒಂದು ಕ್ರಮ. ಇನ್ನೊಂದು ಕ್ರಮದಲ್ಲಿ ಕರೆಂಟಿನ ದಿಕ್ಕನ್ನು ನಿಮಿಷ ನಿಮಿಷಕ್ಕೆ ತಿರುಗಿಸುತ್ತಾರೆ. ಒಂದು ಸರದಿಯಲ್ಲಿ ಖರ್ಚಾದ ಆಕ್ಸೈಡ್ ಮುಂದಿನ ಸರದಿಯಲ್ಲಿ ಮರಳಿ ಹುಟ್ಟುತ್ತದೆ, ಪಂಪಿನೊಳಗಿನ ನೀರು ಹಿಂದೆ ಮುಂದೆ ಓಡಾಡುತ್ತ ಪೊರೆಯನ್ನು ಆಡಿಸುತ್ತದೆ, ಔಷಧದ ಹಾದಿಯಲ್ಲಿರುವ ಎರಡು ಕವಾಟಗಳು ಆ ಆಟವನ್ನು ಒಮ್ಮುಖ ಹರಿವಾಗಿಸುತ್ತವೆ. ಆಗ ಮಿಲಿಗ್ರಾಮಿನ ಚಿಕ್ಕ ಅಂಶದಷ್ಟು ಆಕ್ಸೈಡಿನಲ್ಲೇ ಪಂಪು ವಾರಗಟ್ಟಲೆ ಓಡಬಲ್ಲದು, ಮತ್ತು ವಿನ್ಯಾಸಕರ ಗಮನ ಎಲೆಕ್ಟ್ರೋಡಿನಿಂದ ಕವಾಟದ ಸೋರಿಕೆಯ ಕಡೆಗೆ ಹೊರಳುತ್ತದೆ.